ತಾಯಿ ಹೆಸರು ಕೇಳುವ ದಾದೇಸಾಬ

ಮಲೇರಿಯಾ ಮಾತ್ರೆ ನುಂಗಿದೆ ಎನ್ನುವವರನ್ನು ನಂಬಬಾರದು. ದಾದೇಸಾಬರು ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಕಲಿತ ಮೊದಲ ಪಾಠ ಇದು. ಎದುರಿಗೇ ಬಾಯಿಗೆ ಹಾಕಿಕೊಂಡು, ಮೇಲೆ ಒಂದು ತಂಬಿಗೆ ನೀರು ಕುಡಿದು, “ಆತ್ರಿ ಸಾಬ್ರ” ಎಂದು ಕೈ ಮುಗಿದು, ಇವರು ಓಣಿ ತಿರುಗುವುದರೊಳಗೆ ದವಡೆಯ ಸಂದಿಯಿಂದ ಮಾತ್ರೆ ತೆಗೆದು ಬೇಲಿಗೆ ಎಸೆಯುವ ಜಾಣರು ಅತ್ತಿಕೇರಿಯಲ್ಲಿ ಮನೆಗೊಬ್ಬರಿದ್ದರು. ಕಹಿ ಯಾರಿಗೆ ಬೇಕು? ಜ್ವರ ಬಿಟ್ಟ ಮೇಲಂತೂ ಬೇಡವೇ ಬೇಡ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಜನ.

ಅದಕ್ಕೆ ದಾದೇಸಾಬರು ತಮ್ಮದೇ ಒಂದು ಉಪಾಯ ಕಂಡುಕೊಂಡಿದ್ದರು. ಮಾತ್ರೆ ನುಂಗಿಸಿದ ಮೇಲೆ “ಬಾಯಿ ತೆರಿ” ಅನ್ನುತ್ತಿದ್ದರು. ತೆರೆದು ತೋರಿಸಿದ ಮೇಲೆ “ಈಗ ನಿಮ್ಮವ್ವನ ಹೆಸರು ಹೇಳು” ಅನ್ನುತ್ತಿದ್ದರು. ದವಡೆಯಲ್ಲಿ ಮಾತ್ರೆ ಒತ್ತಿ ಹಿಡಿದವನಿಗೆ ಹನುಮವ್ವ, ನೀಲವ್ವ ಎಂದು ನೆಟ್ಟಗೆ ಹೇಳಲು ಆಗುತ್ತಿರಲಿಲ್ಲ. ನಾಲಿಗೆ ಆಡಿದೊಡನೆ ಮಾತ್ರೆ ಕರಗಿ ಮುಖ ಹುಣಸೆಕಾಯಿ ಕಡಿದವನ ಹಾಗೆ ಕಿವುಚಿಹೋಗುತ್ತಿತ್ತು. ಸಿಕ್ಕಿಬಿದ್ದವನಿಗೆ ಇನ್ನೊಂದು ಮಾತ್ರೆ, ಇನ್ನೊಂದು ತಂಬಿಗೆ ನೀರು, ಜೊತೆಗೆ ಓಣಿಯ ಹೆಂಗಸರ ನಗೆ.

ತಂದೆಯ ಹೆಸರನ್ನು ಯಾಕೆ ಕೇಳುತ್ತಿರಲಿಲ್ಲ ಎಂದರೆ, ಅದಕ್ಕೂ ಕಾರಣವಿತ್ತು. ಅತ್ತಿಕೇರಿಯಲ್ಲಿ ಹನ್ನೊಂದು ಮಂದಿ ಕನಕಪ್ಪಂದಿರಿದ್ದರು. ಅವರಲ್ಲಿ ಆರು ಮಂದಿಯ ಅಪ್ಪ ಹನುಮಪ್ಪ. ಯಾವ ಕನಕಪ್ಪನ ರಕ್ತ, ಯಾವ ಕನಕಪ್ಪನ ಜ್ವರ ಎಂದು ತಿಳಿಯಬೇಕಾದರೆ ತಾಯಿಯ ಹೆಸರೇ ಗತಿ. ಸರಕಾರದ ರಿಜಿಸ್ಟರಿನಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ. ಹಾಗಾಗಿ ದಾದೇಸಾಬರು ಸ್ವಂತಕ್ಕೊಂದು ನೋಟುಪುಸ್ತಕ ಇಟ್ಟು, ಅದರಲ್ಲಿ ರೋಗಿಯ ಹೆಸರು, ತಾಯಿಯ ಹೆಸರು, ಆಕೆಯ ತವರೂರು, ಮುಂದೆ ದಿನಕ್ಕೊಂದು ಸರಿಗುರುತು ಹಾಕುತ್ತಿದ್ದರು. ವರ್ಷಗಳು ಕಳೆದಂತೆ ಇಂಥ ಹದಿಮೂರು ಪುಸ್ತಕಗಳಾದವು.

ಊರಿನವರೂ ಸುಮ್ಮನಿರುತ್ತಿರಲಿಲ್ಲ. “ಎಲ್ಲಾರ ಅವ್ವನ ಹೆಸರು ಕೇಳ್ತೀರಿ, ನಿಮ್ಮವ್ವನ ಹೆಸರು ಏನ್ರಿ ಸಾಬ್ರ?” ಎಂದು ಕಟ್ಟೆಯ ಮೇಲೆ ಕೂತವರು ಕೆಣಕುತ್ತಿದ್ದರು. “ನನಗ ಚಳಿಜ್ವರ ಬಂದ ದಿನ ಹೇಳ್ತೀನಿ” ಎಂದು ಇವರು ಸೈಕಲ್ ಹತ್ತುತ್ತಿದ್ದರು. ಮೂವತ್ತನಾಲ್ಕು ವರ್ಷ ಗದ್ದೆಯ ಸೊಳ್ಳೆಗಳ ನಡುವೆ ತಿರುಗಿದರೂ ಅವರಿಗೆ ಒಮ್ಮೆಯೂ ಚಳಿಜ್ವರ ಬರಲಿಲ್ಲ. ಆ ಹೆಸರು ಅತ್ತಿಕೇರಿಗೆ ಗೊತ್ತಾಗಲೂ ಇಲ್ಲ.

ದಾದೇಸಾಬರ ತಂದೆ ಗಂಗಾವತಿಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮಗ ಎಸ್ಸೆಸ್ಸೆಲ್ಸಿ ಮುಗಿಸಿ ಆರೋಗ್ಯ ಸಹಾಯಕನಾಗಿ ಸೇರಿದ. ಕಾಲುವೆಯ ಕೆಳಗಿನ ಹಳ್ಳಿಗಳಲ್ಲಿ ಆಗ ಭತ್ತದ ಜೊತೆಗೆ ಚಳಿಜ್ವರವೂ ವರ್ಷಕ್ಕೆರಡು ಬೆಳೆ. ಮಟಮಟ ಮಧ್ಯಾಹ್ನದಲ್ಲಿ ಗಂಡಾಳುಗಳು ಕಂಬಳಿ ಹೊದ್ದು ಗಡಗಡ ನಡುಗುತ್ತ ಬಿದ್ದಿರುತ್ತಿದ್ದರು. ದಾದೇಸಾಬರು ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತ ಬಳಿದು, ಒಣಗಿಸಿ, ಡಬ್ಬಿಗೆ ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು. ಮಕ್ಕಳು ಅವರನ್ನು ಕಂಡರೆ ಕಣಜದ ಹಿಂದೆ ಅಡಗುತ್ತಿದ್ದವು. ಆದರೂ ಅವರೆಂದರೆ ಊರಿಗೆ ಜೀವ. ಯಾಕೆಂದರೆ ಮನುಷ್ಯ ಬಿಡುತ್ತಿರಲಿಲ್ಲ. ಹೊಲದಲ್ಲಿದ್ದರೆ ಹೊಲಕ್ಕೆ, ಬೀಗರ ಊರಿಗೆ ಹೋದರೆ ಬೀಗರ ಊರಿಗೆ ಹೋಗಿ ನುಂಗಿಸಿ ಬರುತ್ತಿದ್ದರು. ಈ ಬಿಡದ ಗುಣವೇ ಅವರ ಹೆಮ್ಮೆ, ಅದೇ ಅವರನ್ನು ಕೆಡಿಸಿತು.

ಕಳಕಪ್ಪನ ಮನೆಯ ವಿಷಯ ಹೇಳಬೇಕು. ಊರಿಗೆ ಊರೇ ನಡುಗುವಾಗ ಆ ಮನೆಯ ಗಂಡಸರು ಮಾತ್ರ ಗಟ್ಟಿಯಾಗಿ ಓಡಾಡಿಕೊಂಡಿರುತ್ತಿದ್ದರು. ಕಳಕಪ್ಪನ ತಾಯಿ ಹನುಮವ್ವನ ತವರು ಹುಲಿಹೈದರ. “ನಮ್ಮ ತವರಮನಿ ಗಂಡಸರಿಗೆ ಚಳಿಜ್ವರ ಅಷ್ಟು ಲಗೂನ ಹತ್ತಂಗಿಲ್ರಿ, ಹುಲಿಗೆಮ್ಮ ಕಾಯ್ತಾಳ” ಎಂದು ಮುದುಕಿ ಹೇಳುತ್ತಿದ್ದಳು. ದಾದೇಸಾಬರು ನಕ್ಕು, “ಹುಲಿಗೆಮ್ಮ ಕಾಯಲಿ ಯವ್ವ, ಸೊಳ್ಳಿಪರದೇನೂ ಕಟ್ಟು” ಅನ್ನುತ್ತಿದ್ದರು.

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಕಳಕಪ್ಪನಿಗೂ ಜ್ವರ ಬಂತು. ಸ್ಲೈಡು ನೋಡಿದರೆ ವೈವ್ಯಾಕ್ಸ್ ಜಾತಿಯ ಮಲೇರಿಯಾ. ಅದು ಕಳ್ಳ ಜಾತಿ. ಜ್ವರ ಬಿಟ್ಟ ಮೇಲೂ ಪಿತ್ತಕೋಶದ ಮಗ್ಗುಲಿನ ಯಕೃತ್ತಿನಲ್ಲಿ ಅಡಗಿ ಕೂತು, ತಿಂಗಳುಗಟ್ಟಲೆ ಕಳೆದ ಮೇಲೆ ಮತ್ತೆ ಏಳುತ್ತದೆ. ಅದನ್ನು ಬೇರುಸಹಿತ ಕೀಳಲು ಪ್ರೈಮಾಕ್ವಿನ್ ಎಂಬ ಮಾತ್ರೆ. ಮೊದಲು ಐದು ದಿನ ಕೊಡುತ್ತಿದ್ದುದು ಆಗಷ್ಟೇ ಹದಿನಾಲ್ಕು ದಿನಕ್ಕೆ ಏರಿತ್ತು. ಒಂದು ದಿನವೂ ತಪ್ಪಬಾರದೆಂದು ಮೀಟಿಂಗಿನಲ್ಲಿ ತಾಕೀತು ಮಾಡಿದ್ದರು. ದಾದೇಸಾಬರಿಗೆ ತಾಕೀತು ಬೇಕೇ ಇರಲಿಲ್ಲ.

ಮೂರನೆಯ ದಿನ ಕಳಕಪ್ಪ ಮಾತ್ರೆಯನ್ನು ಕೈಯಲ್ಲೇ ಹಿಡಿದು ನಿಂತ.

“ಸಾಬ್ರ, ಈ ಗುಳಿಗಿ ನನಗ ಬ್ಯಾಡ್ರಿ. ಕಾಲ್ಮಡಿಯಾಕ ಹೋದ್ರ ಕರ್ರಗ ಬರಾಕತ್ತೈತಿ, ಕಡಕ ಚಹಾ ಆದಂಗ.”

“ಮೈಯಾಗ ಉಷ್ಣ ಏರೈತಿ. ನೀರು ಜಾಸ್ತಿ ಕುಡಿ. ಬಾಯಿ ತೆರಿ.”

“ಖರೇನ ಹೇಳಾಕತ್ತೀನ್ರಿ.”

“ಗುಳಿಗಿ ಬ್ಯಾಡ ಅನ್ನಾವ್ರೆಲ್ಲಾ ಖರೇನ ಹೇಳ್ತಾರ. ತೆರಿ.”

ಕಳಕಪ್ಪ ನುಂಗಿದ. “ಹನುಮವ್ವ” ಅಂದ. ನಾಲ್ಕನೆಯ ದಿನವೂ ಅಂದ, ಐದನೆಯ ದಿನ ಗೋಡೆ ಹಿಡಿದುಕೊಂಡು ಅಂದ. ಆರನೆಯ ದಿನ ಹಾಸಿಗೆಯಲ್ಲಿ ಮಲಗಿಯೇ ಅಂದಾಗ ಅವನ ಕಣ್ಣು ಅರಿಶಿನ ಬಳಿದಂತೆ ಹಳದಿಯಾಗಿತ್ತು, ಉಗುರು ಸುಣ್ಣದಂತೆ ಬಿಳುಚಿತ್ತು. ಅವತ್ತೇ ಸಂಜೆ ಅವನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದರು. ನಾಲ್ಕು ಬಾಟಲಿ ರಕ್ತ ಹಾಕಿದ ಮೇಲೆ ಜೀವ ನಿಂತಿತು. ಹಳದಿ ಕಾಮಣಿ ಆಗಿತ್ತು, ಏನೋ ಪುಣ್ಯ, ಉಳಿದ ಎಂದು ಊರು ಮಾತಾಡಿತು. ನೋಡಲು ಹೋದ ದಾದೇಸಾಬರಿಗೆ ಮಾತ್ರ ಕಳಕಪ್ಪ ಒಂದೇ ಮಾತು ಹೇಳಿ ಮಗ್ಗುಲಾದ.

“ಬ್ಯಾಡಂದ್ರೂ ನುಂಗಿಸಿದಿ.”

ಆಮೇಲೆ ಅವನು ಅವರೊಡನೆ ಮಾತಾಡಲಿಲ್ಲ. ಎದುರು ಬಂದರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದ. ಆ ವರ್ಷ ಅವನಿಗೆ ಗದ್ದೆಗೆ ಇಳಿಯಲು ಆಗಲಿಲ್ಲ. ಒಂದು ಕೊಡ ನೀರು ಎತ್ತಿದರೂ ಏದುಸಿರು ಬಿಡುತ್ತಿದ್ದ. ದಾದೇಸಾಬರು ಮನೆಗೆ ಬಂದು ನೋಟುಪುಸ್ತಕ ತೆರೆದು ಏನು ಮಾಡಿದರು ಗೊತ್ತೇ? ಕಳಕಪ್ಪನ ಹೆಸರಿನ ಮುಂದೆ ಉಳಿದ ಎಂಟು ದಿನಕ್ಕೂ ಸರಿಗುರುತು ಹಾಕಿದರು. ಅತ್ತಿಕೇರಿಯವರಲ್ಲಿ ಒಬ್ಬನದ್ದೂ ಅರ್ಧ ಬಿಟ್ಟಿಲ್ಲ ಎಂಬ ಹೆಮ್ಮೆಯೊಂದು ಉಳಿಯಬೇಕಿತ್ತಲ್ಲ. ಒಳ್ಳೆಯವರೂ ಇಂಥ ಕೆಲಸ ಮಾಡುತ್ತಾರೆ. ಅದಕ್ಕೆ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಕರುಳು ಚುರುಕ್ ಅನ್ನುತ್ತದೆ.

ನಾಲ್ಕು ವರ್ಷದ ಮೇಲೆ ಕೊಪ್ಪಳದಲ್ಲಿ ಒಂದು ತರಬೇತಿ. ಊಟದ ನಂತರದ ಹೊತ್ತು, ಅರ್ಧ ಜನ ತೂಕಡಿಸುತ್ತಿದ್ದರು. ಒಬ್ಬ ವೈದ್ಯೆ ರಕ್ತದ ವಿಷಯ ಹೇಳುತ್ತಿದ್ದರು. ಎಲ್ಲರ ರಕ್ತವೂ ಕೆಂಪೇ, ಆದರೆ ಎಲ್ಲರದೂ ಒಂದೇ ಅಲ್ಲ. ಕೆಂಪು ಕಣಗಳನ್ನು ಕಾಯುವ ಜಿ-ಸಿಕ್ಸ್-ಪಿಡಿ ಎಂಬುದೊಂದು ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ಅಂಥ ಕಣಗಳಲ್ಲಿ ಮಲೇರಿಯಾದ ಪರೋಪಜೀವಿಗೆ ಸಲೀಸಾಗಿ ಬೆಳೆಯಲು ಬರುವುದಿಲ್ಲ. ಹಾಗಾಗಿಯೇ ಚಳಿಜ್ವರದ ಸೀಮೆಗಳಲ್ಲಿ ಸಾವಿರಾರು ವರ್ಷಗಳಿಂದ ಈ ರಕ್ತ ಉಳಿದು ಬಂದಿದೆ. ಜ್ವರ ಬರುವುದೇ ಇಲ್ಲ ಎಂದಲ್ಲ, ಕಡಿಮೆ. ಆದರೆ ಅಂಥವರಿಗೆ ಪ್ರೈಮಾಕ್ವಿನ್ ಕೊಟ್ಟರೆ ಆ ಕೆಂಪು ಕಣಗಳೇ ಒಡೆದು ಮೂತ್ರದಲ್ಲಿ ಹೋಗುತ್ತವೆ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಆ ಕ್ಷಣವೇ ಮಾತ್ರೆ ನಿಲ್ಲಿಸಬೇಕು. ಇದು ಗಂಡುಮಕ್ಕಳಿಗೆ ಬರುವುದು ತಂದೆಯಿಂದಲ್ಲ, ತಾಯಿಯಿಂದ. ತಾಯಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ, ತನ್ನಲ್ಲಿ ಇದೆ ಎಂಬುದೂ ಆಕೆಗೆ ತಿಳಿದಿರುವುದಿಲ್ಲ.

ದಾದೇಸಾಬರ ತೂಕಡಿಕೆ ಹಾರಿಹೋಯಿತು. ಮನೆಗೆ ಬಂದವರೇ ಹಳೆಯ ಚೀಲ ಕೊಡವಿ, ಹದಿನಾಲ್ಕು ದಿನದ ಮಾತ್ರೆ ಬಂದ ವರ್ಷ ಕೊಟ್ಟಿದ್ದ ಕರಪತ್ರ ಹುಡುಕಿದರು. ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಅದೇ ಮಾತು ಇತ್ತು. ನಾಲ್ಕು ವರ್ಷ ಅದು ಅವರ ಹೆಗಲ ಮೇಲೆಯೇ ಓಡಾಡಿತ್ತು, ಓದಿರಲಿಲ್ಲ. ಆಮೇಲೆ ನೋಟುಪುಸ್ತಕಗಳನ್ನು ಹರಡಿಕೊಂಡು ಕೂತರು. ಕಳಕಪ್ಪ, ತಾಯಿ ಹನುಮವ್ವ, ತವರು ಹುಲಿಹೈದರ. ಇನ್ನೂ ಹಿಂದಿನ ಪುಸ್ತಕದಲ್ಲಿ ಒಬ್ಬ ಕನಕಪ್ಪ, ಮಾವನ ಮನೆಗೆಂದು ಅತ್ತಿಕೇರಿಗೆ ಬಂದಾಗ ಜ್ವರ ಹಿಡಿದವನು. ಮೂರನೆಯ ದಿನ ಮಾತ್ರೆ ಬಿಟ್ಟು ಊರಿಗೇ ಓಡಿಹೋಗಿದ್ದ. ಅವನ ಮುಂದೆ ‘ಮೈಗಳ್ಳ’ ಎಂದು ಅವರದೇ ಕೈಬರಹ. ತಾಯಿ ನೀಲವ್ವ, ಊರು ಹುಲಿಹೈದರ. ನೀಲವ್ವ ಹನುಮವ್ವನ ತಂಗಿ ಎಂಬುದು ಅತ್ತಿಕೇರಿಯ ಕೂಸಿಗೂ ಗೊತ್ತಿತ್ತು.

ಹೋಗಿ ಹೇಳಬೇಕಿತ್ತು. ಹೇಳಬೇಕೆಂದೇ ಮರುದಿನ ಕಳಕಪ್ಪನ ಓಣಿಯ ಬಾಯಿಗೆ ಹೋದರು. ಬಾಗಿಲಲ್ಲಿ ಕಳಕಪ್ಪ ಎಮ್ಮೆ ಕಟ್ಟುತ್ತಿದ್ದ. ಇವರನ್ನು ಕಂಡು ಬೆನ್ನು ತಿರುಗಿಸಿದ. ದಾದೇಸಾಬರ ಕಾಲು ಮುಂದೆ ಹೋಗಲಿಲ್ಲ. ಜ್ವರ ಬಂದಾಗ ಹೇಳಿದರಾಯಿತು, ಹೇಗೂ ನನ್ನ ಕೈಯಿಂದಲೇ ಮಾತ್ರೆ ಹೋಗಬೇಕಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಮರಳಿದರು. ಅದೊಂದು ನುಂಗಲಾರದ ತುತ್ತಾಗಿ ಗಂಟಲಲ್ಲೇ ಕೂತಿತು. ವರ್ಷ ಕಳೆದಂತೆ ಊರಲ್ಲಿ ಚಳಿಜ್ವರವೇ ಇಳಿಯುತ್ತ ಬಂತು. ಎರಡು ಸಾವಿರದ ಹತ್ತೊಂಬತ್ತರಲ್ಲಿ ನಿವೃತ್ತಿಯಾಗಿ, ಶಾಲು ಹೊದೆಸಿಕೊಂಡು ಗಂಗಾವತಿಯ ಮನೆ ಸೇರಿದರು.

ನಿವೃತ್ತಿಗೆ ಆರು ತಿಂಗಳ ಮುಂಚೆ ಉಪಕೇಂದ್ರಕ್ಕೆ ಅಮೃತಾ ಎಂಬ ಆರೋಗ್ಯ ಅಧಿಕಾರಿ ಬಂದಿದ್ದಳು. ಕುಷ್ಟಗಿ ಕಡೆಯ ಹುಡುಗಿ, ಚುರುಕು. ದಾದೇಸಾಬರ ಹಿಂದೆ ಮನೆಮನೆ ತಿರುಗಿ ಕೆಲಸ ಕಲಿತಿದ್ದಳು. ಆಮೇಲೂ ತಿಂಗಳಿಗೊಮ್ಮೆ ಫೋನ್ ಮಾಡಿ ಸುದ್ದಿ ಹೇಳುತ್ತಿದ್ದಳು. ಎರಡು ಸಾವಿರದ ಇಪ್ಪತ್ಮೂರರ ದಸರಾ ಮುಗಿದ ವಾರ, ಬೆಳಗಿನ ಒಂಬತ್ತೂವರೆಯ ಸುಮಾರಿಗೆ ಅವಳ ಫೋನ್ ಬಂತು. ದಾದೇಸಾಬರು ಅಂಗಳದಲ್ಲಿ ಕೂತು ಹೆಂಡತಿ ಮೆಹರಾಜ ಕೊಟ್ಟ ಅವರೆಕಾಯಿ ಸುಲಿಯುತ್ತಿದ್ದರು.

“ಸರ್, ನಿಮಗ ಖುಷಿ ಆಗ್ತೈತಂತ ಫೋನ್ ಮಾಡೀನ್ರಿ. ಎರಡು ವರ್ಷದ ಮ್ಯಾಲ ಒಂದು ವೈವ್ಯಾಕ್ಸ್ ಸಿಕ್ಕೈತಿ. ಛತ್ತೀಸಗಡಕ್ಕ ರಸ್ತಾ ಕೆಲಸಕ್ಕ ಹೋಗಿದ್ರಂತ, ಜೆಸಿಬಿ ಡ್ರೈವರ್. ನಿಮ್ಮಂಗ ನಾನೂ ಮುಂದ ನಿಂತು ನುಂಗಿಸಾಕತ್ತೀನಿ. ಬಾಯಿ ತೆಗಿಸಿ, ತಾಯಿ ಹೆಸರು ಹೇಳಿಸಿ.”

“ಶಾಬಾಸ್,” ಅಂದರು ದಾದೇಸಾಬರು. ಹಳೆಯ ಚಾಳಿ, ಬಾಯಿ ತಾನಾಗಿಯೇ ಕೇಳಿತು: “ತಾಯಿ ಹೆಸರು ಏನಂದ?”

“ಪಾರ್ವತೆಮ್ಮ ಅಂದ್ರಿ.”

“ಯಾವ ಪಾರ್ವತೆಮ್ಮ?”

“ಅಗಸಿ ಕಡಿ ಮನಿಯವ್ರು. ಹುಡುಗ ಶರಣಕುಮಾರಂತ. ಸೋದರಮಾವ ಕಳಕಪ್ಪನ ಮಗಳು ಶಿವಲೀಲಾನ್ನ ಮಾಡ್ಕೊಂಡಾನಲ್ರಿ, ಅವ.”

ಅವರೆಕಾಯಿಯ ಮೊರ ಕಾಲ ಮೇಲಿಂದ ಜಾರಿತು. ಪಾರ್ವತೆಮ್ಮ ಕಳಕಪ್ಪನ ಅಕ್ಕ. ಹನುಮವ್ವನ ಹಿರಿಯ ಮಗಳು.

“ಎಷ್ಟನೇ ದಿನ ತಂಗಿ?”

“ಇವತ್ತಿಗೆ ಮೂರ್ರಿ. ಈಗಷ್ಟ ನುಂಗಿಸಿ ಬಂದೆ. ಕೆಂಪು, ಕಪ್ಪು ಕಾಲ್ಮಡಿದ್ರ ಹೇಳ್ರಿ ಅಂತ ಮೊದಲನೇ ದಿನಾನ ಹೇಳೀನ್ರಿ. ಏನೂ ಇಲ್ಲ ಅಂದಾನ.”

“ಈಗ ವಾಪಸ್ ಅವನ ಮನಿಗೆ ಹೋಗು. ನಾಳಿ ಗುಳಿಗಿ ಕೊಡಬ್ಯಾಡ. ನಾ ಬರಾಕತ್ತೀನಿ.”

ಹದಿನೆಂಟು ಕಿಲೋಮೀಟರು. ದಾದೇಸಾಬರ ಟಿವಿಎಸ್ ಗಾಡಿ ಅವರಷ್ಟೇ ಹಳೆಯದು. ಎರಡೂ ಬದಿ ಕೊಯ್ಲಿಗೆ ಬಂದ ಭತ್ತ, ಕಾಲುವೆಯ ಏರಿ, ಎದುರಿಗೆ ಬರುವ ಲಾರಿಗಳು, ಯಾವುದೂ ಅವರಿಗೆ ಕಾಣಲಿಲ್ಲ. ಹತ್ತು ವರ್ಷದ ಹಿಂದೆ ಓಣಿಯ ಬಾಯಿಂದ ಮರಳಿ ಬಂದ ಆ ಹೆಜ್ಜೆಗಳನ್ನೇ ಎಣಿಸುತ್ತಿದ್ದರು. ನನ್ನ ಕೈಯಿಂದಲೇ ಮಾತ್ರೆ ಹೋಗಬೇಕು ಅಂದುಕೊಂಡಿದ್ದರಲ್ಲ, ಈಗ ತಾವು ಕಲಿಸಿದ ಕೈಯಿಂದ ಹೋಗುತ್ತಿತ್ತು. ಕಲಿಸುವಾಗ ಬಾಯಿ ತೆರೆಸುವುದನ್ನು ಕಲಿಸಿದ್ದರು, ಹನುಮವ್ವನ ಮನೆಯ ವಿಷಯ ಹೇಳಿರಲಿಲ್ಲ. ಹೇಳಿದರೆ ಕಳಕಪ್ಪನ ಕಥೆಯನ್ನೂ ಹೇಳಬೇಕಾಗುತ್ತಿತ್ತು.

ಪಾರ್ವತೆಮ್ಮನ ಮನೆಯ ಬಾಗಿಲಲ್ಲಿ ಕಳಕಪ್ಪನೇ ನಿಂತಿದ್ದ. ಅಳಿಯನಿಗೆ ಹುಷಾರಿಲ್ಲವೆಂದು ಬಂದಿದ್ದ. ಐವತ್ತಾರರ ವಯಸ್ಸಿಗೇ ತಲೆ ಪೂರ್ತಿ ಬೆಳ್ಳಗಾಗಿತ್ತು. ಹಿಂದೆ ಅಮೃತಾ ಗಾಬರಿಯಿಂದ ಇಣುಕುತ್ತಿದ್ದಳು.

“ಯಾಕ ಬಂದಿ?” ಅಂದ ಕಳಕಪ್ಪ. ಹದಿನಾಲ್ಕು ವರ್ಷದ ಮೇಲೆ ಆಡಿದ ಮೊದಲ ಮಾತು.

ದಾರಿಯುದ್ದಕ್ಕೂ ಏನೇನೋ ಹೊಂದಿಸಿಕೊಂಡು ಬಂದಿದ್ದ ದಾದೇಸಾಬರಿಗೆ ಅದೆಲ್ಲ ಮರೆತುಹೋಯಿತು. “ಅವತ್ತು ನೀ ಹೇಳಿದ್ದು ಖರೇ ಇತ್ತು ಕಳಕಪ್ಪ,” ಅಂದರು. “ಉಷ್ಣ ಅಲ್ಲ, ಕಾಮಣಿ ಅಲ್ಲ. ನಾ ನುಂಗಿಸಿದ ಗುಳಿಗಿನ ನಿನ್ನ ರಕ್ತ ಒಡದಿತ್ತು. ಈಗ ನಿನ್ನ ಅಳಿಯ ಅದನ್ನ ನುಂಗ್ಯಾನ. ನನ್ನ ಬೈಯೋದು ಆಮ್ಯಾಲ ಬೈ, ಮೊದಲ ಅವನ್ನ ನೋಡಾಕ ಬಿಡು.”

ಕಳಕಪ್ಪ ಬಾಗಿಲು ಬಿಟ್ಟು ಸರಿದ.

ಶರಣಕುಮಾರ ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಇಪ್ಪತ್ತೇಳರ ಕಟ್ಟುಮಸ್ತಾದ ಹುಡುಗ. ತುಟಿ ಬಿಳುಚಿತ್ತು. ದಾದೇಸಾಬರು ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಹೆಂಗಸರನ್ನೆಲ್ಲ ಹೊರಗೆ ಕಳಿಸಿ, ಮಗ್ಗುಲಲ್ಲಿ ಕೂತರು.

“ಖರೇ ಹೇಳು. ಕಾಲ್ಮಡಿ ಬಣ್ಣ ಹೆಂಗ ಐತಿ?”

ಹುಡುಗ ತಲೆ ತಗ್ಗಿಸಿದ. “ನಿನ್ನಿ ಸಂಜಿಯಿಂದ ಕರ್ರಗ ಐತ್ರಿ. ಇವತ್ತಂತೂ ಭಾಳ.”

“ಅಮೃತಾಗ ಯಾಕ ಹೇಳಲಿಲ್ಲ?”

“ಹೆಣ್ಣಮಗಳ ಮುಂದ ಅದನ್ನ ಹೆಂಗ ಹೇಳೂದ್ರಿ? ಓಣಿ ಮಂದಿ ಎಲ್ಲಾ ನಿಂತಿರ್ತಾರ. ನೀರು ಕುಡದ್ರ ಹೋಗ್ತೈತಿ ಬಿಡು ಅಂದ್ಕೊಂಡೆ.”

ಇಂಥ ಮರ್ಯಾದೆ ನಮ್ಮ ಕಡೆಯ ಗಂಡಸರಿಗೆ ಮಾತ್ರ ಬರಬೇಕು. ಜೀವ ಹೋದರೂ ಚಿಂತೆಯಿಲ್ಲ, ಕಾಲ್ಮಡಿಯ ಮಾತು ಹೆಣ್ಣಿನ ಮುಂದೆ ಆಡಲಾರರು. ದಾದೇಸಾಬರಿಗೆ ಅವನ ಕೆನ್ನೆಗೆ ಒಂದು ಬಿಗಿಯಬೇಕೆನಿಸಿತು. ಆದರೆ ಒಬ್ಬ ಬಾಯಿ ಬಿಟ್ಟು ಹೇಳಿದಾಗ ಕೇಳದ ತಾವು ಯಾವ ಬಾಯಿಂದ ಇವನನ್ನು ಬೈಯುವುದು? ಬಾಗಿಲಾಚೆ ನಿಂತು ಕೇಳಿಸಿಕೊಂಡ ಅಮೃತಾ ಆಗಲೇ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದಳು.

ಗಂಗಾವತಿಯ ದವಾಖಾನೆಯಲ್ಲಿ ನೋಡಿದಾಗ ಹಿಮೋಗ್ಲೋಬಿನ್ ಆರಕ್ಕೆ ಇಳಿದಿತ್ತು. ಸಲೈನು ಹಚ್ಚಿದರು, ರಕ್ತ ತರಿಸಿದರು. ಇನ್ನೂ ಎರಡು ದಿನ ನುಂಗಿದ್ದರೆ ಮೂತ್ರಪಿಂಡವೇ ಹೋಗುತ್ತಿತ್ತು ಎಂದು ವೈದ್ಯರು ಹೇಳಿದರು. ಎರಡು ಬಾಟಲಿ ರಕ್ತ ಇಳಿದ ಮೇಲೆ, ಮೂರನೆಯ ದಿನಕ್ಕೆ ಮೂತ್ರದ ಬಣ್ಣ ತಿಳಿಯಾಯಿತು. ತಿಳಿಯಾದ ಸುದ್ದಿಯನ್ನು ಶರಣಕುಮಾರ ಈ ಸಲ ಅಮೃತಾಳಿಗೇ, ವಾರ್ಡಿನ ಹತ್ತು ಮಂದಿಗೆ ಕೇಳುವ ಹಾಗೆ ಹೇಳಿದ.

ಅವತ್ತು ಮಧ್ಯಾಹ್ನ ವಾರ್ಡಿನ ಹೊರಗಿನ ಬೇವಿನ ಮರದ ಕೆಳಗೆ ಎಲ್ಲರೂ ಕೂತಿದ್ದರು. ಪಾರ್ವತೆಮ್ಮ ಬುತ್ತಿ ಬಿಚ್ಚಿದ್ದಳು. ಮಾತ್ರೆ ಎಲ್ಲರಿಗೂ ಕೊಡುವಂಥದೇ ಆದರೆ ನಮ್ಮವರಿಗೆ ಮಾತ್ರ ಯಾಕೆ ಹೀಗೆ ಎಂದು ಅವಳು ಕೇಳಿದಳು. ದಾದೇಸಾಬರು ಯೋಚಿಸಿ ಹೇಳಿದರು.

“ಹಳೇ ಮಣ್ಣಿನ ಮಾಳಿಗಿ ಇರ್ತೈತಲ್ಲ ಯವ್ವ, ಮೆತ್ತಂದು. ಕಳ್ಳ ಹತ್ತಿದ್ರ ಕುಸೀತೈತಿ. ಅದಕ್ಕ ಕಳ್ಳ ಆ ಮನಿ ಕಡಿ ಬರಾಕ ಅಂಜತಾನ. ಆದ್ರ ರಿಪೇರಿ ಮಾಡಾಕ ಗೌಂಡಿ ಹತ್ತಿದ್ರೂ ಅದು ಕುಸೀತೈತಿ. ನಿಮ್ಮವ್ವನ ತವರಿನ ರಕ್ತ ಅಂಥಾದ್ದು. ಚಳಿಜ್ವರಕ್ಕ ಅಂಜಿಕಿ ಹಾಕಿ ನಿಮ್ಮನ್ನ ಕಾಯ್ತು. ನಾನು ಗೌಂಡಿ, ನೋಡದ ಹತ್ತಿದೆ.”

“ಇದು ನಿಮಗ ಗೊತ್ತಾಗಿ ಎಷ್ಟು ದಿನ ಆತು?” ಕೇಳಿದವನು ಕಳಕಪ್ಪ.

ದಾದೇಸಾಬರು ಸುಳ್ಳು ಹೇಳಬಹುದಿತ್ತು. ಮೊನ್ನೆ ಗೊತ್ತಾಯಿತು ಎಂದರೆ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ.

“ಹತ್ತು ವರ್ಷ,” ಅಂದರು. “ಹೇಳಾಕ ನಿನ್ನ ಓಣಿತನಕ ಬಂದಿದ್ದೆ. ನಾಚಿಕಿ ಆಗಿ ವಾಪಸ್ ಹೋದೆ.”

ಕಳಕಪ್ಪನ ಕೈಯಲ್ಲಿನ ರೊಟ್ಟಿ ಅಲ್ಲಿಯೇ ನಿಂತಿತು. ರಕ್ತ ಒಡೆದ ತಪ್ಪನ್ನು ಅವನು ಈ ಮೂರು ದಿನದಲ್ಲಿ ಅರ್ಧಕ್ಕರ್ಧ ಮನ್ನಿಸಿದ್ದ. ಅದು ತಿಳಿಯದೆ ಮಾಡಿದ್ದು. ಇದು ತಿಳಿದು ಮಾಡಿದ್ದು. “ಹತ್ತು ವರ್ಷ,” ಎಂದು ಅವನೂ ಒಮ್ಮೆ ಅಂದ. “ನನ್ನ ಮಗಳ ತಾಳಿ ಹೋಗ್ತಿತ್ತು.” ರೊಟ್ಟಿಯನ್ನು ತಾಟಿನಲ್ಲಿಟ್ಟು ಎದ್ದುಹೋದ.

ದಾದೇಸಾಬರ ಕಣ್ಣಿಂದ ನೀರಿಳಿಯಿತು. ಅರವತ್ತನಾಲ್ಕರ ಮನುಷ್ಯ, ಸಾವಿರಾರು ಮಂದಿಗೆ ಸೂಜಿ ಚುಚ್ಚಿದವನು, ಬೇವಿನ ಮರದ ಕೆಳಗೆ ಮಕ್ಕಳ ಹಾಗೆ ಅತ್ತ. ಪಾರ್ವತೆಮ್ಮ ಅವರನ್ನು ಅಳಲು ಬಿಟ್ಟಳು. ಆಮೇಲೆ ನೀರಿನ ತಂಬಿಗೆ ಮುಂದಕ್ಕೆ ತಳ್ಳಿದಳು.

“ಅತ್ರ ಏನಾಗ್ತೈತ್ರಿ ಸಾಬ್ರ? ನಿಮ್ಮ ಪುಸ್ತಕ ತರ್ರಿ. ನಮ್ಮ ಚಿಗವ್ವ ನೀಲವ್ವಗ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಆ ಹೆಣ್ಣುಮಕ್ಕಳನ್ನ ಒಬ್ಬಾಕಿನ್ನ ಕಿನ್ನಾಳಕ್ಕ, ಒಬ್ಬಾಕಿನ್ನ ಯಲಬುರ್ಗಿಗೆ ಕೊಟ್ಟಾರ. ಅವರಿಗೂ ಮಕ್ಕಳದಾವ. ಎಲ್ಲಾರ ಹೆಸರು ಹೇಳ್ತೀನಿ, ಬರಕೋರಿ.”

ಬರೆದುಕೊಂಡರು. ಗಂಡಸರಿಗೆ ತಿಳಿಯದ ವಂಶವನ್ನು ಪಾರ್ವತೆಮ್ಮ ಒಂದು ತಾಸಿನಲ್ಲಿ ಬೆರಳ ತುದಿಯಿಂದ ಇಳಿಸಿದಳು. ಹೆಣ್ಣಿನಿಂದ ಹೆಣ್ಣಿಗೆ, ಊರಿಂದ ಊರಿಗೆ, ನಲವತ್ತೊಂದು ಹೆಸರು. ಅಮೃತಾ ಮೇಲಿನವರಿಗೆ ಪತ್ರ ಬರೆದು, ಓಡಾಡಿ, ಪರೀಕ್ಷೆಯ ಕಿಟ್ಟುಗಳನ್ನು ತರಿಸಲು ಮೂರು ತಿಂಗಳು ಹಿಡಿಯಿತು. ಅದೂ ಒಳ್ಳೆಯದೇ ಆಯಿತು. ಕಣ ಒಡೆದ ಹೊಸತರಲ್ಲಿ ಪರೀಕ್ಷೆ ಮಾಡಿದರೆ ಹೊಸ ರಕ್ತ ಸುಳ್ಳು ಹೇಳುತ್ತದೆ, ಮೂರು ತಿಂಗಳು ಕಾಯಬೇಕೆಂದು ವೈದ್ಯರೇ ಹೇಳಿದ್ದರು.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಹುಲಿಹೈದರದಲ್ಲಿ ನೀಲವ್ವನ ಅಂಗಳದಲ್ಲಿ ಎಲ್ಲರೂ ಸೇರಿದರು. ಬಂದವರು ಇಪ್ಪತ್ತಾರು ಮಂದಿ. ದಾದೇಸಾಬರು ನಾಲ್ಕು ವರ್ಷದ ಮೇಲೆ ಮತ್ತೆ ಸೂಜಿ ಹಿಡಿದರು. ಒಬ್ಬೊಬ್ಬರ ತಾಯಿಯ ಹೆಸರು ಕೇಳಿ ಬರೆದುಕೊಂಡು ಬೆರಳು ಚುಚ್ಚಿದರು. ಗಂಡಸರಲ್ಲಿ ಏಳು ಮಂದಿಗೆ ಆ ಕಿಣ್ವ ಕಡಿಮೆ ಇತ್ತು. ಶರಣಕುಮಾರನಿಗಿತ್ತು. ಹಿಂದೆ ಮೈಗಳ್ಳನೆನಿಸಿಕೊಂಡ ಕನಕಪ್ಪನಿಗಿತ್ತು. ಅವನೀಗ ಮೊಮ್ಮಕ್ಕಳ ಅಜ್ಜ. ದಾದೇಸಾಬರು ಅವನ ಎದುರಿಗೇ ಹಳೆಯ ಪುಸ್ತಕ ತೆಗೆದು ಆ ಪದವನ್ನು ಹೊಡೆದುಹಾಕಿದರು. ಶಿವಲೀಲಾಳ ಎರಡು ವರ್ಷದ ಮಗಳಿಗೆ ತಾಯಿ, ತಂದೆ ಎರಡೂ ಕಡೆಯಿಂದ ಬಂದಿತ್ತು. ಆಕೆಗೂ ಒಂದು ಚೀಟಿ ಬರೆದು, ಈ ಮಾತ್ರೆ ಕೊಡಬಾರದು ಎಂದು ಕೆಂಪು ಮಸಿಯಲ್ಲಿ ಗೆರೆ ಎಳೆದು, ತಾಯಿಯ ಕೈಗಿತ್ತರು. ಮಿಕ್ಕಂತೆ ಕೂಸು ಗುಂಡುಕಲ್ಲಿನ ಹಾಗಿತ್ತು, ಸೂಜಿ ಚುಚ್ಚಿದ್ದಕ್ಕೆ ಅವರ ಕನ್ನಡಕ ಕಿತ್ತು ಎಸೆಯಿತು.

ಕಳಕಪ್ಪ ಎಲ್ಲರಿಗಿಂತ ಕೊನೆಗೆ ಬಂದು ಕೂತ. ಬೆರಳು ಚಾಚಿದ. “ಹನುಮವ್ವ,” ಎಂದು ಕೇಳುವ ಮೊದಲೇ ಹೇಳಿದ. ಫಲಿತಾಂಶ ಎಲ್ಲರಿಗೂ ಗೊತ್ತಿದ್ದದ್ದೇ. ದಾದೇಸಾಬರು ಒಂಬತ್ತರ ವರ್ಷದ ಪುಸ್ತಕ ತೆರೆದು ಅವನ ಮುಂದೆ ಹಿಡಿದರು. ಎಂಟು ಸುಳ್ಳು ಸರಿಗುರುತುಗಳ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಆರನೇ ದಿನ ನಿಲ್ಲಿಸಿದ್ದು. ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದ್ದರು. ಕಳಕಪ್ಪ ಅದನ್ನು ನಿಧಾನಕ್ಕೆ ಓದಿ, ಪುಸ್ತಕವನ್ನು ತೊಡೆಯ ಮೇಲೆಯೇ ಇಟ್ಟುಕೊಂಡ.

ಆ ಹೊತ್ತಿಗೆ ಪಾರ್ವತೆಮ್ಮ ಮಗ ಉಳಿದ ಸಂತೋಷಕ್ಕೆ ಮಾಡಿಕೊಂಡು ಬಂದಿದ್ದ ಮಾದಲಿಯನ್ನು ಹಂಚತೊಡಗಿದಳು. ಗೋಧಿ, ಬೆಲ್ಲ, ಏಲಕ್ಕಿ, ಮೇಲೆ ತುಪ್ಪ. ಕಳಕಪ್ಪ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿ, ಒಂದು ದೊಡ್ಡ ಹಿಡಿ ತೆಗೆದುಕೊಂಡು ದಾದೇಸಾಬರ ಮುಂದೆ ಬಂದು ನಿಂತ.

“ಬಾಯಾಗ ಹಾಕ್ಕೋರಿ,” ಅಂದ.

ದಾದೇಸಾಬರು ಹಾಕಿಕೊಂಡರು. ಅಷ್ಟು ಮಾದಲಿ ಬಾಯಲ್ಲಿದ್ದರೆ ಉಸಿರಾಡುವುದೇ ಕಷ್ಟ.

“ನುಂಗ್ರಿ.”

ನುಂಗಿದರು.

“ಬಾಯಿ ತೆರೀರಿ.”

ದಾದೇಸಾಬರು ಇಪ್ಪತ್ತಾರು ಮಂದಿಯ ಎದುರು ಬಾಯಿ ತೆರೆದು ತೋರಿಸಿದರು.

“ಈಗ ನಿಮ್ಮವ್ವನ ಹೆಸರು ಹೇಳ್ರಿ.”

“ಫಾತಿಮಾಬೀ,” ಅಂದರು ದಾದೇಸಾಬರು. ಆ ಹೆಸರನ್ನು ಗಟ್ಟಿಯಾಗಿ ಅಂದು ಎಷ್ಟು ಕಾಲವಾಗಿತ್ತೋ.

ಕಳಕಪ್ಪ ಅವರ ಜೇಬಿನಿಂದ ಪೆನ್ನು ತೆಗೆದುಕೊಂಡು, ಆ ಪುಸ್ತಕದಲ್ಲಿ ತನ್ನ ಹೆಸರಿನ ಕೆಳಗಿನ ಖಾಲಿ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದ. ದಾದೇಸಾಬ, ತಾಯಿ ಫಾತಿಮಾಬೀ. ಮುಂದೆ ಒಂದೇ ಒಂದು ಸರಿಗುರುತು ಹಾಕಿದ.

“ಇದು ಒಂದನೇ ದಿನ,” ಅಂದ. “ಇನ್ನ ಹದಿಮೂರು ದಿನ ದಿನಾ ನಮ್ಮ ಮನಿಗೆ ಬಂದು ಉಂಡು ಹೋಗಬೇಕ್ರಿ. ಒಂದು ದಿನ ತಪ್ಪಿಸಿದ್ರೂ ನಾ ಬಿಡಂಗಿಲ್ಲ.”